ಲೇಸರ್ ನಕ್ಷತ್ರಕ್ಕೆ ಮೇಲೆ ಸೋಡಿಯಂ ಜಾಸ್ತಿ ಇದ್ದರೆ ಸಾಕಾ?

ದೊಡ್ಡ ಟೆಲಿಸ್ಕೋಪುಗಳು ಆಕಾಶಕ್ಕೆ ಹಳದಿ ಲೇಸರ್ ಬಿಟ್ಟು ಕೃತಕ ನಕ್ಷತ್ರ ಮಾಡಿಕೊಳ್ಳುತ್ತವಲ್ಲ, ಮೇಲಿರುವ ಸೋಡಿಯಂ ಹೆಚ್ಚು ಕಡಿಮೆಯಾದರೆ ಅದಕ್ಕೇನಾಗುತ್ತದೆ, ಕಡಿಮೆಯಾದಾಗ ಲೇಸರ್ ಪವರ್ ಏರಿಸಿದರೆ ಸಾಲದೇ ಅಂತ ಕೇಳಿದ್ದೀರಿ. ಆ ನಕ್ಷತ್ರದ ಬೆಳಕನ್ನು ನೋಡಿ, ಗಾಳಿಯ ಅಲುಗಾಟ ಚಿತ್ರವನ್ನು ಎಷ್ಟು ಕದಡಿದೆ ಅಂತ ಅಳೆದು, ಅದಕ್ಕೆ ತಕ್ಕಂತೆ ಒಂದು ಬಗ್ಗುವ ಕನ್ನಡಿಯಿಂದ ಸರಿಪಡಿಸುತ್ತಾರೆ. ಹೊಳಪಿನ ಮಟ್ಟಿಗೆ ಹೇಳುವುದಾದರೆ ಪವರ್ ಏರಿಸಿ ಸುಮಾರಾಗಿ ಸುಧಾರಿಸಬಹುದು. ಆದರೆ ಸೋಡಿಯಂ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಎತ್ತರದಲ್ಲಿದೆ ಅನ್ನುವುದೇ ದೊಡ್ಡ ತಲೆನೋವು. ಪವರ್ ಏರಿಸಿದರೆ ಅದು ಹೋಗುವುದಿಲ್ಲ.

ಉಲ್ಕೆಗಳು ಗಾಳಿಗೆ ಉಜ್ಜಿ ಉರಿದಾಗ ಉದುರಿಸಿಹೋದ ಸೋಡಿಯಂ ಇದು. ನೆಲದಿಂದ ಸುಮಾರು 80ರಿಂದ 105 ಕಿಲೋಮೀಟರ್ ಎತ್ತರದಲ್ಲಿ ತೆಳ್ಳಗೆ ಹರಡಿಕೊಂಡಿರುತ್ತದೆ. ಇಡೀ ಭೂಮಿ ಸುತ್ತ ಇರುವುದನ್ನೆಲ್ಲ ಗುಡ್ಡೆ ಹಾಕಿದರೂ ಒಂದು ಟನ್ನಿನ ಆಸುಪಾಸು, ಅಷ್ಟೇ. ಅಷ್ಟು ಸಾಕಾಗಲು ಕಾರಣ, ಸೋಡಿಯಂ ಪರಮಾಣು ತನ್ನ ಬಣ್ಣದ ಬೆಳಕನ್ನು ಗಬಕ್ಕನೆ ಹಿಡಿದು 16 ನ್ಯಾನೊಸೆಕೆಂಡಿನಲ್ಲಿ ವಾಪಸ್ ಬಿಡುತ್ತದೆ. ಉಪ್ಪು ಹಾಕಿದ ಸಾರು ಉಕ್ಕಿ ಗ್ಯಾಸ್ ಒಲೆ ಮೇಲೆ ಚೆಲ್ಲಿದಾಗ ನೀಲಿ ಉರಿ ಹಳದಿಯಾಗುತ್ತದಲ್ಲ, ಅದೇ ಬಣ್ಣ ಇದು. 589 ನ್ಯಾನೊಮೀಟರ್. ಲೇಸರನ್ನೂ ಅದಕ್ಕೇ ಕೂರಿಸಿರುತ್ತಾರೆ.

ಈ ಸೋಡಿಯಂ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಭೂಮಧ್ಯರೇಖೆಯಿಂದ ದೂರ ಹೋದ ಹಾಗೆ ಚಳಿಗಾಲದಲ್ಲಿ ಜಾಸ್ತಿ, ಬೇಸಿಗೆಯಲ್ಲಿ ಕಡಿಮೆ. ಎರಡು ಮೂರು ಪಟ್ಟು ವ್ಯತ್ಯಾಸ ಬರುವುದೂ ಉಂಟು. ನನಗೆ ಬಹಳ ಇಷ್ಟವಾಗುವುದು ಇದರ ಕಾರಣ. ಅಷ್ಟು ಎತ್ತರದಲ್ಲಿ ಲೆಕ್ಕ ಉಲ್ಟಾ, ಬೇಸಿಗೆಯಲ್ಲೇ ಚಳಿ ಹೆಚ್ಚು. ಅಲ್ಲಿ ಸೋಡಿಯಂ ಬೇರೆ ಅನಿಲಗಳ ಜೊತೆ ಸೇರಿ ಕೊನೆಗೆ ಸೋಡಿಯಂ ಬೈಕಾರ್ಬನೇಟ್ ಆಗುತ್ತದೆ. ಹೌದು, ಬೋಂಡಾಕ್ಕೆ ಹಾಕುವ ಅಡುಗೆ ಸೋಡಾ! ಅದನ್ನು ಹೈಡ್ರೋಜನ್ ಪರಮಾಣುಗಳು ಒಡೆದು ಸೋಡಿಯಂ ಬಿಡಿಸಬೇಕು. ಚಳಿ ಜಾಸ್ತಿಯಾದರೆ ಆ ಕೆಲಸ ನಿಧಾನ. ಸೋಡಾ ರೂಪದಲ್ಲಿ ಸಿಕ್ಕಿಬಿದ್ದ ಸೋಡಿಯಂ ನಮ್ಮ ಲೇಸರಿಗೆ ಸ್ಪಂದಿಸುವುದಿಲ್ಲ.

ಹೊಳಪು ಕಡಿಮೆಯಾದರೆ ದಾರಿಗಳಿವೆ. ಚಿಲಿಯ ಪರನಾಲ್ ವೀಕ್ಷಣಾಲಯದಲ್ಲಿ 2016ರಿಂದ ಒಂದೇ ಟೆಲಿಸ್ಕೋಪಿನಿಂದ ನಾಲ್ಕು ಲೇಸರ್ ಹೊರಡುತ್ತವೆ, ಒಂದೊಂದೂ 22 ವ್ಯಾಟ್. ಬರೀ ಪವರ್ ಅಲ್ಲ, ಬೆಳಕನ್ನು ವೃತ್ತಾಕಾರವಾಗಿ ಧ್ರುವೀಕರಿಸಿ, ಅಂದರೆ ಅದರ ಕಂಪನ ಗಿರಗಿರ ತಿರುಗುತ್ತಾ ಸಾಗುವಂತೆ ಮಾಡಿ ಕಳಿಸಿದರೆ ಅದೇ ಪರಮಾಣು ಮತ್ತೆ ಮತ್ತೆ ಬೆಳಕು ಕೊಡುವ ಸ್ಥಿತಿಗೆ ಬರುತ್ತದೆ. ಭೂಮಿಯ ಕಾಂತಕ್ಷೇತ್ರ ಇದನ್ನು ಕೆಡಿಸುತ್ತಿರುತ್ತದೆ. ಹಾಗಾಗಿ ಲೇಸರ್ ಕಾಂತಕ್ಷೇತ್ರದ ದಿಕ್ಕಿಗೇ ಇದ್ದಾಗ ನಕ್ಷತ್ರ ಹೆಚ್ಚು ಹೊಳೆಯುತ್ತದೆ, ಅಡ್ಡ ಇದ್ದಾಗ ಮಂಕು.

ಈಗ ಎತ್ತರದ ವಿಷಯಕ್ಕೆ ಬರೋಣ. ನಿಜವಾದ ನಕ್ಷತ್ರ ಅನಂತ ದೂರದಲ್ಲಿದೆ ಅಂತಲೇ ಲೆಕ್ಕ. ಲೇಸರ್ ನಕ್ಷತ್ರ ಇರುವುದು ಬರೀ 90 ಕಿಲೋಮೀಟರ್ ದೂರದಲ್ಲಿ. ಆ ದೂರಕ್ಕೆ ಫೋಕಸ್ ಮಾಡಿಟ್ಟಿರುತ್ತಾರೆ. ಸೋಡಿಯಂ ಪದರ 100 ಮೀಟರ್ ಮೇಲೆ ಸರಿಯಿತು ಅಂತಿಟ್ಟುಕೊಳ್ಳಿ. ಫೋಕಸ್ ತಪ್ಪುತ್ತದೆ. ಆದರೆ ತಪ್ಪಿದ್ದು ಸೋಡಿಯಂನಿಂದಲೋ ಕೆಳಗಿನ ಗಾಳಿಯಿಂದಲೋ ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಗಾಳಿಯೇ ಕೆಡಿಸಿತು ಅಂದುಕೊಂಡು, ಸರಿಯಿದ್ದ ಆ ಬಗ್ಗುವ ಕನ್ನಡಿಯನ್ನು ಸುಮ್ನೆ ಬಗ್ಗಿಸಿಬಿಡುತ್ತದೆ. ಈ ತಪ್ಪು ಟೆಲಿಸ್ಕೋಪಿನ ಮುಖ್ಯ ಕನ್ನಡಿಯ ಅಗಲದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ನೆತ್ತಿಯ ಮೇಲೆ ನೋಡುತ್ತಿದ್ದರೆ 8 ಮೀಟರ್ ಕನ್ನಡಿಗೆ ಆ 100 ಮೀಟರಿನಿಂದ ಬರುವುದು ಸುಮಾರು 30 ನ್ಯಾನೊಮೀಟರ್ ದೋಷ, ಹೇಗೋ ತಡೆದುಕೊಳ್ಳಬಹುದು. 30 ಮೀಟರ್ ಕನ್ನಡಿಗೆ ಅದೇ 400 ನ್ಯಾನೊಮೀಟರ್. ಚಿತ್ರ ಕೆಟ್ಟಿತು ಅಂತಲೇ ಅರ್ಥ.

ಪದರ ಅಷ್ಟೆಲ್ಲ ಅಲುಗಾಡುತ್ತದಾ? ಅಲುಗಾಡುತ್ತದೆ. ಕೆನಡಾದ ವ್ಯಾಂಕೂವರ್ ಹತ್ತಿರ ಪಾದರಸವನ್ನೇ ತಿರುಗಿಸಿ ಮಾಡಿದ್ದ 6 ಮೀಟರ್ ಕನ್ನಡಿಯೊಂದಿತ್ತು. ಅದರ ಜೊತೆ ಲೇಸರ್ ಇಟ್ಟು ಈ ಪದರವನ್ನು ಬಹಳ ಸೂಕ್ಷ್ಮವಾಗಿ ಅಳೆದರು. ಒಳಗೆ ಅಲೆಗಳು, ಸುಳಿಗಳು, ಇದ್ದಕ್ಕಿದ್ದಂತೆ ಹುಟ್ಟಿಕೊಳ್ಳುವ ತೆಳು ಪಟ್ಟಿಗಳು ಎಲ್ಲಾ ಕಂಡವು. ಇಂಥ ಪಟ್ಟಿ ಬಂದರೆ ನಕ್ಷತ್ರ ಹೆಚ್ಚು ಹೊಳೆಯುತ್ತದೆ, ಅದರ ಜೊತೆಗೇ ಸರಾಸರಿ ಎತ್ತರವೂ ಬದಲಾಗುತ್ತದೆ. ಅಂದರೆ ಸೋಡಿಯಂ ಜಾಸ್ತಿಯಾದಾಗಲೂ ತೊಂದರೆ ಬರಬಹುದು, ನೋಡಿ.

ಪದರದ ದಪ್ಪವೂ ಕಾಡುತ್ತದೆ. ಸೋಡಿಯಂ ಹೆಚ್ಚಾಗಿರುವ ಭಾಗವೇ ಹತ್ತು ಕಿಲೋಮೀಟರ್ ದಪ್ಪ ಇರುವುದರಿಂದ ಅಲ್ಲಿ ಹೊಳೆಯುವುದು ಚುಕ್ಕಿಯಲ್ಲ, ಉದ್ದನೆಯ ಕಡ್ಡಿ. ಲೇಸರ್ ಹೊರಟ ಜಾಗದಿಂದ ನೋಡಿದರೆ ಕಡ್ಡಿಯ ತುದಿ ಮಾತ್ರ ಕಾಣುತ್ತದೆ. ದೂರ ನಿಂತು ನೋಡಿದರೆ ಪಕ್ಕ ಕಾಣುತ್ತದೆ. ಪ್ರತಿ ಮೀಟರ್ ದೂರಕ್ಕೆ ಸುಮಾರು ಕಾಲು ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಭಾಗ ಒಂದು ಆರ್ಕ್‌ಸೆಕೆಂಡ್) ಉದ್ದವಾಗುತ್ತದೆ. ಪಕ್ಕದಿಂದ ಲೇಸರ್ ಬಿಟ್ಟರೆ 39 ಮೀಟರ್ ಕನ್ನಡಿಯ ಆಚೆ ಅಂಚಿಗೆ ಹತ್ತು ಆರ್ಕ್‌ಸೆಕೆಂಡಿನ ಗೆರೆ! ಅದರ ನಡುಮಧ್ಯ ಯಾವುದು ಅಂತ ಹಿಡಿಯುವುದು ಕಷ್ಟ, ಅದೂ ಸೋಡಿಯಂ ಒಳಗೊಳಗೇ ಹೊರಳುತ್ತಿರುವಾಗ.

ಮೂವತ್ತು ಮೀಟರ್ ಕನ್ನಡಿಯ ಟಿಎಂಟಿ (ಥರ್ಟಿ ಮೀಟರ್ ಟೆಲಿಸ್ಕೋಪ್) ಯೋಜನೆಯಲ್ಲಿ ಭಾರತವೂ ಪಾಲುದಾರ, ಅದರ ಭಾರತೀಯ ಕೆಲಸ ನಡೆಯುವುದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನಿಂದ. ಗೆರೆಯ ಉದ್ದ ಅರ್ಧಕ್ಕಿಳಿಯಲಿ ಅಂತ ಟಿಎಂಟಿಯಲ್ಲಿ ಲೇಸರುಗಳನ್ನು ಕನ್ನಡಿಯ ನಡುವಿನಿಂದಲೇ ಬಿಡುವ ಯೋಜನೆ ಇದೆ. ಫೋಕಸ್ ಸಮಸ್ಯೆಗೆ ಮಾತ್ರ ಅಡ್ಡದಾರಿ ಇಲ್ಲ, ಆಕಾಶದಲ್ಲಿ ನೋಡುತ್ತಿರುವ ಜಾಗದ ಅಕ್ಕಪಕ್ಕ ನಿಜವಾದ ನಕ್ಷತ್ರವೇ ಬೇಕು. ಮಂಕಾಗಿದ್ದರೂ ನಡೆಯುತ್ತದೆ. ಟಿಎಂಟಿಯಲ್ಲಿ ಆರು ಲೇಸರ್ ನಕ್ಷತ್ರಗಳ ಜೊತೆ ಮೂರು ನಿಜ ನಕ್ಷತ್ರಗಳನ್ನು ಇಟ್ಟುಕೊಳ್ಳುವ ಲೆಕ್ಕ ಇದೆ. ಚಿತ್ರ ಅತ್ತಿತ್ತ ವಾಲುವುದನ್ನು ಮೂರೂ ನೋಡುತ್ತವೆ, ಫೋಕಸ್ ಕಾಯುವ ಕೆಲಸ ಅವುಗಳಲ್ಲಿ ಒಂದಕ್ಕೆ.