‘ದಿ ಕಿಲ್ಲಿಂಗ್ ರೂಮ್’ ಚಿತ್ರದಲ್ಲಿ ತೋರಿಸಿರುವಂಥ ಮಾನವ ಪ್ರಯೋಗಗಳು ನಿಜವಾಗಿಯೂ ನಡೆದಿದ್ದವೇ?

ಚಿತ್ರದ ಕಥೆ ಕಲ್ಪಿತ. ಆದರೆ ಅದಕ್ಕೆ ಆಧಾರವಾದ ‘ಎಂಕೆ-ಅಲ್ಟ್ರಾ’, ಅಂದರೆ ಮನುಷ್ಯನ ಮನಸ್ಸನ್ನು ನಿಯಂತ್ರಿಸುವ ದಾರಿ ಹುಡುಕಲು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ನಡೆಸಿದ ಯೋಜನೆ, ಕಲ್ಪಿತವಲ್ಲ. ಜನರನ್ನು ಕೋಣೆಯಲ್ಲಿ ಕೂಡಿಹಾಕಿ ಒಬ್ಬೊಬ್ಬರನ್ನಾಗಿ ಗುಂಡಿಕ್ಕಿ ಕೊಂದದ್ದಕ್ಕೆ ದಾಖಲೆಯಿಲ್ಲ. ನಡೆದದ್ದು ಬೇರೆಯೇ ಬಗೆಯದು, ಮತ್ತು ನನ್ನ ದೃಷ್ಟಿಯಲ್ಲಿ ಚಿತ್ರಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸುವಂಥದ್ದು.

ಜೊನಾಥನ್ ಲೀಬ್ಸ್‌ಮನ್ ನಿರ್ದೇಶನದ ಈ 2009ರ ಚಿತ್ರದಲ್ಲಿ, ಹಣಕ್ಕಾಗಿ ಸಂಶೋಧನೆಯೊಂದರಲ್ಲಿ ಪಾಲ್ಗೊಳ್ಳಲು ಬಂದ ನಾಲ್ವರು ಬಿಳಿಯ ಕೋಣೆಯಲ್ಲಿ ಪ್ರಶ್ನಾವಳಿ ತುಂಬುತ್ತ ಕುಳಿತಿರುವಾಗಲೇ, ಅವರಲ್ಲೊಬ್ಬರನ್ನು ಉಳಿದವರ ಕಣ್ಣೆದುರೇ ಕೊಲ್ಲಲಾಗುತ್ತದೆ. ಹೊರಗಿನಿಂದ ಮನಶ್ಶಾಸ್ತ್ರಜ್ಞರು ಎಲ್ಲವನ್ನೂ ಗಮನಿಸುತ್ತಿರುತ್ತಾರೆ. ಆದರೆ ಆ ನಾಲ್ವರಿಗೆ ತಾವು ಪ್ರಯೋಗವೊಂದಕ್ಕೆ ಬಂದಿದ್ದೇವೆ ಎಂಬುದಾದರೂ ಗೊತ್ತಿತ್ತು. 1953ರ ಏಪ್ರಿಲ್‌ನಲ್ಲಿ ಸಿಐಎ ಮುಖ್ಯಸ್ಥ ಆ್ಯಲನ್ ಡಲೆಸ್ ಒಪ್ಪಿಗೆ ನೀಡಿದ, ರಸಾಯನಶಾಸ್ತ್ರಜ್ಞ ಸಿಡ್ನಿ ಗಾಟ್ಲೀಬ್ ನಡೆಸಿದ ನಿಜವಾದ ಯೋಜನೆಯಲ್ಲಿ ಅನೇಕರಿಗೆ ಅಷ್ಟೂ ತಿಳಿದಿರಲಿಲ್ಲ.

ಫ್ರ್ಯಾಂಕ್ ಓಲ್ಸನ್ ಅವರ ಪ್ರಕರಣವನ್ನೇ ನೋಡಿ. ಅವರು ಅಮೆರಿಕದ ಸೇನೆಯ ಜೈವಿಕ ಅಸ್ತ್ರಗಳ ವಿಭಾಗದಲ್ಲಿದ್ದ ವಿಜ್ಞಾನಿ. 1953ರ ನವೆಂಬರ್‌ನಲ್ಲಿ, ಮೇರಿಲ್ಯಾಂಡ್‌ನ ಸರೋವರವೊಂದರ ಬಳಿ ಸೇರಿದ್ದ ಸಹೋದ್ಯೋಗಿಗಳ ಕೂಟದಲ್ಲಿ ಅವರು ಕುಡಿದ ಕಿತ್ತಳೆ ಪರಿಮಳದ ಮದ್ಯಕ್ಕೆ ಗಾಟ್ಲೀಬ್ ತಂಡ ಭ್ರಮೆ ಹುಟ್ಟಿಸುವ ಮಾದಕವಸ್ತುವಾದ ಎಲ್‌ಎಸ್‌ಡಿ ಬೆರೆಸಿತ್ತು. ವಿಷಯ ಹೇಳಿದ್ದು ಕುಡಿದಾದ ಮೇಲೆ. ಒಂಬತ್ತು ದಿನಗಳ ನಂತರ ಅವರು ನ್ಯೂಯಾರ್ಕ್‌ನ ಹೋಟೆಲೊಂದರ ಕಿಟಕಿಯಿಂದ ಬಿದ್ದು ಸತ್ತರು. ಎಲ್‌ಎಸ್‌ಡಿಯ ಸಂಗತಿ ಮನೆಯವರಿಗೆ ತಿಳಿದದ್ದು 1975ರಲ್ಲಿ. ಆಗ ಅಧ್ಯಕ್ಷ ಫೋರ್ಡ್ ಆ ಮನೆಯವರನ್ನು ಶ್ವೇತಭವನಕ್ಕೆ ಕರೆಸಿ ಕ್ಷಮೆ ಕೋರಿದರು. ಸಾವು ಆತ್ಮಹತ್ಯೆಯೋ ಕೊಲೆಯೋ ಎಂಬ ವಾದ ಇಂದಿಗೂ ತೀರಿಲ್ಲ.

ಕೆನಡಾದ ಮಾಂಟ್ರಿಯಲ್‌ನ ಆ್ಯಲನ್ ಮೆಮೋರಿಯಲ್ ಸಂಸ್ಥೆಯ ಕಥೆ ಇನ್ನೂ ಕರಾಳ. ಆತಂಕ, ಖಿನ್ನತೆಯಂಥ ತೊಂದರೆಗಳಿಗೆ ಚಿಕಿತ್ಸೆ ಬಯಸಿ ಬಂದವರನ್ನು ಮನೋವೈದ್ಯ ಯೂವನ್ ಕ್ಯಾಮರನ್ ಔಷಧಿಯ ಬಲದಿಂದ ವಾರಗಟ್ಟಲೆ ನಿದ್ದೆಯಲ್ಲಿಟ್ಟು, ಮತ್ತೆ ಮತ್ತೆ ವಿದ್ಯುದಾಘಾತ ಕೊಡಿಸಿ, ಟೇಪಿನಲ್ಲಿ ಒಂದೇ ಮಾತನ್ನು ಸಾವಿರಾರು ಬಾರಿ ಕೇಳಿಸುತ್ತಿದ್ದರು. ಸಿಐಎ ಹಣ ಬರುತ್ತಿದ್ದದ್ದು ಸಂಶೋಧನಾ ಸಂಘದ ಸೋಗು ಹಾಕಿದ್ದ ಸಂಸ್ಥೆಯೊಂದರ ಮೂಲಕ. ತಮ್ಮ ಮಕ್ಕಳನ್ನೇ ಗುರುತಿಸಲಾರದ ಸ್ಥಿತಿಯಲ್ಲಿ ಮನೆಗೆ ಮರಳಿದವರೂ ಇದ್ದರು. 1988ರಲ್ಲಿ ಸಿಐಎ ಒಂಬತ್ತು ಮಂದಿ ದೂರುದಾರರೊಂದಿಗೆ ಏಳೂವರೆ ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. (ಮೊತ್ತ ದೊಡ್ಡದೆನಿಸಿದರೆ ಒಂಬತ್ತರಿಂದ ಭಾಗಿಸಿ ನೋಡಿ.)

ಯೋಜನೆ ಗುಟ್ಟಾಗಿ ಮುಂದುವರಿದಿದೆ ಎಂಬ ಚಿತ್ರದ ಊಹೆಗೆ ಪುರಾವೆಯಿಲ್ಲ. ಆದರೂ ಅದು ತೀರಾ ಅಸಂಬದ್ಧವೆನಿಸದಿರಲು ಕಾರಣವಿದೆ: 1973ರಲ್ಲಿ ಅಂದಿನ ಮುಖ್ಯಸ್ಥ ರಿಚರ್ಡ್ ಹೆಲ್ಮ್ಸ್ ಕಡತಗಳನ್ನೆಲ್ಲ ನಾಶಪಡಿಸಲು ಆದೇಶಿಸಿದ್ದರು. 1977ರಲ್ಲಿ ಸಿಕ್ಕಿದ್ದು ಹಣಕಾಸಿನ ಕಾಗದಗಳ ನಡುವೆ ಉಳಿದುಹೋಗಿದ್ದ ಸುಮಾರು 20,000 ಪುಟಗಳು. ಹೀಗಾಗಿ ಯಾವುದಕ್ಕೆ ಎಷ್ಟು ಖರ್ಚಾಯಿತೆಂಬುದು ಬಹುಮಟ್ಟಿಗೆ ತಿಳಿದಿದೆ, ಯಾರ ಮೇಲೆ ಏನು ನಡೆಯಿತೆಂಬುದು ಅಷ್ಟಾಗಿ ತಿಳಿದಿಲ್ಲ.

ಚಿತ್ರವನ್ನು ನೀವಿನ್ನೂ ನೋಡಿರದಿದ್ದರೆ ಖಂಡಿತ ನೋಡಿ. ಮೊದಲರ್ಧದ ಉಸಿರುಗಟ್ಟುವಿಕೆ ಚೆನ್ನಾಗಿದೆ. ಪ್ರಯೋಗದ ಉದ್ದೇಶವನ್ನು ಪಾತ್ರಗಳು ಬಾಯಿಬಿಟ್ಟು ವಿವರಿಸತೊಡಗಿದ ಮೇಲೆ ಅದರ ಬಿಗಿ ಸಡಿಲವಾಗುತ್ತದೆ.