ಸಾಲ್ಟ್ ಲೇಕ್ ಸ್ಟೇಡಿಯಂ ಅರ್ಧ ಒಡೆದರಾ?

ಕೋಲ್ಕತ್ತದ ಸಾಲ್ಟ್ ಲೇಕ್ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೊದಲು 1.2 ಲಕ್ಷ ಜನ ಹಿಡಿಯುತ್ತಿದ್ದರು, ಈಗ 70 ಸಾವಿರವೂ ಇಲ್ಲ, ಅರ್ಧ ಒಡೆದುಹಾಕಿದರಾ ಅಂತ ಕೇಳಿದ್ದೀರಿ. ಇಲ್ಲ ರೀ, ಮೂರು ಅಂತಸ್ತೂ ಹಾಗೇ ಇವೆ. ಬದಲಾಗಿದ್ದು ಕೂರುವ ಜಾಗ.

ನಮ್ಮ ಕಲಬುರಗಿ ಬಿಸಿಲಲ್ಲಿ ಸಿಮೆಂಟ್ ಮೆಟ್ಟಿಲ ಮೇಲೆ ಕೂತು ಮ್ಯಾಚ್ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪೇಪರ್ ಹಾಸಿಕೊಂಡು ಐದು ಜನ ಕೂತಿರುತ್ತೇವೆ. "ಸ್ವಲ್ಪ ಸರೀರಿ" ಅಂತ ಆರನೆಯವರು ಬಂದು ತೂರಿಕೊಳ್ಳುತ್ತಾರೆ. ಮೆಟ್ಟಿಲಿಗೆ ಲೆಕ್ಕ ಎಲ್ಲಿದೆ? 1984ರಲ್ಲಿ ಶುರುವಾದ ಸಾಲ್ಟ್ ಲೇಕ್‌ನಲ್ಲೂ ಇದೇ ಕಥೆ. 1997ರ ಫೆಡರೇಷನ್ ಕಪ್ ಸೆಮಿಫೈನಲ್‌ಗೆ ಸುಮಾರು 1.31 ಲಕ್ಷ ಜನ ಸೇರಿದ್ದರು. ಕೋಲ್ಕತ್ತದ್ದೇ ಎರಡು ಕ್ಲಬ್‌ಗಳ ಆ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ 4-1ರಿಂದ ಮೋಹನ್ ಬಾಗಾನ್‌ನ ಸೋಲಿಸಿತು, ಈಸ್ಟ್ ಬೆಂಗಾಲ್‌ನ ಬೈಚುಂಗ್ ಭುಟಿಯಾ ಹ್ಯಾಟ್ರಿಕ್ (ಮೂರು ಗೋಲು) ಹೊಡೆದರು. (ಮೋಹನ್ ಬಾಗಾನ್ ಅಭಿಮಾನಿಗಳ ಮುಂದೆ ಈ ಮಾತು ಎತ್ತಬೇಡಿ.)

2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಬಂತು. ಅದಕ್ಕಾಗಿ ಮೆಟ್ಟಿಲ ಮೇಲೆ ಬಕೆಟ್ ಸೀಟು, ಅಂದರೆ ಒಬ್ಬೊಬ್ಬರಿಗೆ ಬಿಡಿ ಬಿಡಿ ಕುರ್ಚಿ, ಹಾಕಿದರು. ಒಂದು ಸೀಟು ಅಂದರೆ ಒಬ್ಬರೇ, ಮಧ್ಯೆ ಓಡಾಡಲು ದಾರಿ ಬೇರೆ. ಕೃತಕ ಹುಲ್ಲು ಕಿತ್ತು ನಿಜವಾದ ಹುಲ್ಲು ಬೆಳೆಸಿದರು, ನನ್ನ ಪ್ರಕಾರ ಆಟಗಾರರಿಗೆ ಜಾಸ್ತಿ ಲಾಭ ಆಗಿದ್ದು ಅದರಿಂದಲೇ. ಇಂಗ್ಲೆಂಡ್ 5-2ರಿಂದ ಸ್ಪೇನ್‌ನ ಸೋಲಿಸಿದ ಆ ಫೈನಲ್‌ಗೆ ಬಂದವರು 66,684 ಜನ. ಸ್ಟೇಡಿಯಂ ತುಂಬಿತ್ತು.