ಕೆರೆದು ತೆಗೆದ ಡಾಂಬರು ಕಸವಲ್ಲ

ಪ್ರಶ್ನೆ: ನಮ್ಮ ಬಡಾವಣೆಯ ಮುಖ್ಯರಸ್ತೆಗೆ ಹೊಸದಾಗಿ ಡಾಂಬರು ಹಾಕುವ ಮೊದಲು ಹಳೆಯ ಪದರವನ್ನು ಯಂತ್ರದಿಂದ ಕೆರೆದು ಲಾರಿಗಳಲ್ಲಿ ತುಂಬಿಕೊಂಡು ಹೋದರು. ಅದನ್ನೇ ಹೊಸ ಮಿಶ್ರಣಕ್ಕೆ ಸೇರಿಸುತ್ತಾರಂತೆ. ಹಾಗೆ ಮಾಡಿದರೆ ರಸ್ತೆ ಕಳಪೆಯಾಗುವುದಿಲ್ಲವೇ? ಅದಕ್ಕಿಂತ ಪ್ಲಾಸ್ಟಿಕ್ ಬೆರೆಸುವುದು ಮೇಲಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲಿಗೆ, ಕೆರೆದದ್ದೇ ಒಳ್ಳೆಯದಾಯಿತು. ಪದರದ ಮೇಲೆ ಪದರ ಹಾಕುತ್ತಾ ಹೋದ ಬೀದಿಗಳಲ್ಲಿ ರಸ್ತೆಯೇ ಹೊಸ್ತಿಲಿಗಿಂತ ಎತ್ತರವಾಗಿ, ಮಳೆಗಾಲದಲ್ಲಿ ನೀರು ನಡುಮನೆಗೆ ನುಗ್ಗುವುದನ್ನು ನೀವೂ ಕಂಡಿರಬಹುದು.

ಕೆರೆದು ತೆಗೆದ ಆ ವಸ್ತುವನ್ನು ಒಂದು ಹಿಡಿ ಕೈಗೆತ್ತಿಕೊಂಡು ನೋಡಿ. ಮಂಕಾದ ಕಪ್ಪು ಬಣ್ಣದ ಉಂಡೆಯನ್ನು ಒಡೆದರೆ ಒಳಗಿರುವುದು ಕ್ರಷರ್‌ನಿಂದ ಬಂದ ಅದೇ ಗಟ್ಟಿ ಜಲ್ಲಿ. ಸಾವಿರ ಕಿಲೋ ಹಳೆಯ ಮಿಶ್ರಣದಲ್ಲಿ ಸುಮಾರು 50 ಕಿಲೋ ಡಾಂಬರು ಇದ್ದರೆ ಉಳಿದುದೆಲ್ಲ ಕಲ್ಲು ಮತ್ತು ಕಲ್ಲುಪುಡಿ. ವರ್ಷಗಟ್ಟಲೆ ಲಾರಿ ಓಡಾಡಿದ ಮಾತ್ರಕ್ಕೆ ಈ ಕಲ್ಲು ಕೆಲಸಕ್ಕೆ ಬಾರದಂತಾಗುವುದಿಲ್ಲ. ಅದನ್ನು ಎಸೆದು ಇನ್ನೊಂದು ಗುಡ್ಡವನ್ನು ಸಿಡಿಸುವುದೇ ದಂಡ.

ಮುಪ್ಪಾಗುವುದು ಡಾಂಬರು ಮಾತ್ರ. ಗಾಳಿಯ ಆಮ್ಲಜನಕ ಮತ್ತು ಬಿಸಿಲಿನ ತಾಪದಿಂದ ಅದು ಬಿರುಸಾಗಿ, ಬಾಗುವ ಗುಣವನ್ನು ಕಳೆದುಕೊಂಡು ಬಿರುಕು ಬಿಡುತ್ತದೆ. ಆದ್ದರಿಂದ ಹಳೆಯ ಮಾಲು ಸೇರಿಸುವಾಗ ಅದರ ಪ್ರಮಾಣಕ್ಕೆ ತಕ್ಕಂತೆ ಮೆದುವಾದ ಡಾಂಬರನ್ನೋ, ಬಿರುಸು ಇಳಿಸುವ ತೈಲವನ್ನೋ ಬಳಸಬೇಕಾಗುತ್ತದೆ. ಹೆದ್ದಾರಿ ಎಂಜಿನಿಯರರ ರಾಷ್ಟ್ರೀಯ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲಿಯೇ ಇದಕ್ಕೆ ಐಆರ್‌ಸಿ 120 ಎಂಬ ಮಾರ್ಗಸೂಚಿ ತಂದಿದೆ.

ಕೆಲಸ ಕೆಡುವುದು ಸಾಮಾನ್ಯವಾಗಿ ಜಲ್ಲಿ, ಡಾಂಬರು ಬೆರೆಸುವ ಪ್ಲಾಂಟ್‌ನಲ್ಲಿ. ಬೇರೆ ಬೇರೆ ರಸ್ತೆಗಳಿಂದ ತಂದದ್ದನ್ನು ಜರಡಿ ಹಿಡಿಯದೆ ಒಂದೇ ರಾಶಿ ಹಾಕಿ ಮಳೆಗೆ ಬಿಟ್ಟರೆ, ಅದು ನೀರು ಕುಡಿದು ಕೂರುತ್ತದೆ. ಆ ನೀರನ್ನು ಆರಿಸಲೆಂದು ಉರಿ ಹೆಚ್ಚಿಸಿ ಹಳೆಯ ಮಾಲನ್ನು ನೇರವಾಗಿ ಜ್ವಾಲೆಗೆ ಒಡ್ಡಿದರೆ ಅಳಿದುಳಿದ ಡಾಂಬರೂ ಸುಟ್ಟು ನೀಲಿ ಹೊಗೆ ಏಳುತ್ತದೆ. ಹೊಸ ಜಲ್ಲಿಯನ್ನು ಹೆಚ್ಚು ಕಾಯಿಸಿ, ಅದರ ಬಿಸಿಯಿಂದಲೇ ಹಳೆಯದು ಕರಗುವಂತೆ ಮಾಡುವುದು ಸರಿಯಾದ ಕ್ರಮ. ಅಷ್ಟು ಸೌಕರ್ಯವಿಲ್ಲದ ಕಡೆ ಹಳೆಯ ಮಾಲಿಗೆ ಎಮಲ್ಷನ್ (ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆತ ಡಾಂಬರು) ಬೆರೆಸಿ ಕೆಳಪದರಕ್ಕೆ ತಣ್ಣಗೇ ಬಳಸಬಹುದು. ಮೇಲ್ಪದರಕ್ಕೆ ಹಟ ಹಿಡಿಯಬೇಕಾಗಿಲ್ಲ.

ಇನ್ನು ಪ್ಲಾಸ್ಟಿಕ್. ಮಧುರೈನ ಪ್ರಾಧ್ಯಾಪಕ ಆರ್. ವಾಸುದೇವನ್ ಅವರಿಂದ ಪ್ರಸಿದ್ಧವಾದ ಈ ವಿಧಾನದಲ್ಲಿ, ಚೂರು ಮಾಡಿದ ಪ್ಲಾಸ್ಟಿಕ್ಕನ್ನು ಕಾದ ಜಲ್ಲಿಯ ಮೇಲೆ ಉದುರಿಸುತ್ತಾರೆ. ಅದು ಕರಗಿ ಕಲ್ಲಿಗೆ ತೆಳುವಾಗಿ ಅಂಟಿಕೊಂಡ ಬಳಿಕ ಡಾಂಬರು ಬೀಳುತ್ತದೆ. ಕಲ್ಲಿಗೂ ಡಾಂಬರಿಗೂ ನಡುವೆ ನೀರು ನುಸುಳದಂತೆ ತಡೆಯುವುದರಲ್ಲಿ ಇದರ ಉಪಯೋಗ ನಿಜ. ಆದರೆ ಪ್ರಮಾಣ ಡಾಂಬರಿನ ತೂಕದ ಶೇ 6ರಿಂದ 8 ಮಾತ್ರ. ಅಂದರೆ ಒಂದು ಟನ್ ಮಿಶ್ರಣಕ್ಕೆ ಮೂರು ನಾಲ್ಕು ಕಿಲೋ. ಕಲ್ಲಿನ ಖರ್ಚು ಇದರಿಂದ ತಗ್ಗುವುದಿಲ್ಲ. ಕಾಯಿಸಿದಾಗ ವಿಷಾನಿಲ ಬಿಡುವ ಪಿವಿಸಿಯನ್ನಂತೂ ಸೇರಿಸಲೇಬಾರದು. ಹಾಗಾಗಿ ಎರಡನ್ನೂ ಪೈಪೋಟಿಗಿಳಿಸುವುದು ನನಗೆ ಸರಿ ಕಾಣುವುದಿಲ್ಲ. ಒಂದು ಕಲ್ಲುಗಣಿಯ ಹೊರೆ ಇಳಿಸುತ್ತದೆ, ಇನ್ನೊಂದು ಕಸದ ರಾಶಿಯದ್ದು.

ನಿಮ್ಮ ರಸ್ತೆಯ ಕೆಲಸ ಇನ್ನೂ ನಡೆಯುತ್ತಿದ್ದರೆ, ಮಿಶ್ರಣದ ವಿನ್ಯಾಸ ಪತ್ರವನ್ನು ತೋರಿಸುವಂತೆ ವಾರ್ಡಿನ ಎಂಜಿನಿಯರರನ್ನು ಕೇಳಿ. ಹಳೆಯ ಮಾಲು ಶೇಕಡಾ ಎಷ್ಟು, ಅದರಿಂದ ಬೇರ್ಪಡಿಸಿದ ಡಾಂಬರಿನ ಪರೀಕ್ಷೆಯಲ್ಲಿ ಬಿರುಸು ಎಷ್ಟೆಂದು ಕಂಡುಬಂತು ಎಂಬ ಎರಡು ವಿವರಗಳು ಅದರ ಜೊತೆಗೆ ಇರಲೇಬೇಕು.